ಸಂಕ ಮುಗಿಯುವವರೆಗೆ

ಸತ್ತವರ ಧ್ವನಿ ನಿಮಗೆ ಯಾವತ್ತಾದರೂ ಕೇಳಿಸಿದ್ದುಂಟಾ? ನಗಬೇಡಿ. ಇಲ್ಲಿ ಯಾರಾದರೂ ಇಂಥದ್ದು ಬರೆದರೆ ‘ಮೊದಲು ಡಾಕ್ಟರಿಗೆ ಕಿವಿ ತೋರಿಸಿ’ ಎಂದು ಕಮೆಂಟ್ ಹಾಕುತ್ತಿದ್ದವನು ನಾನೇ.

ಕಾಪುವಿನಲ್ಲಿರುವ ನನ್ನ ಅಕ್ಕನಿಗೆ ಇಬ್ಬರು ಮಕ್ಕಳು, ಸುಜಿತ್ ಮತ್ತು ಶ್ರಾವ್ಯಾ. ಇಬ್ಬರಿಗೂ ಥಲಸ್ಸೇಮಿಯಾ. ಚಿಕ್ಕಂದಿನಿಂದ ಮೂರು ವಾರಕ್ಕೊಮ್ಮೆ ಮಣಿಪಾಲಕ್ಕೆ ಹೋಗಿ ರಕ್ತ ಹಾಕಿಸಿಕೊಳ್ಳಬೇಕು. ಆ ರಕ್ತದ ಕಬ್ಬಿಣಾಂಶ ಹೊರಗೆ ಹೋಗದೆ ಒಳಗೇ ಕೂರುತ್ತದೆ, ಹೃದಯದಲ್ಲೂ. ಇಳಿಸಲು ಮಾತ್ರೆ ಉಂಟು, ಆದರೆ ಎಷ್ಟು ಕೂತಿದೆ ಎಂದು ಗೊತ್ತಾಗಬೇಕಲ್ಲ?

ಉದ್ಯಾವರದ ಸಂಕ ಬಂದರೆ ಕಾರಿನಲ್ಲಿ ಮಕ್ಕಳದೊಂದು ಆಟ. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಉಸಿರು ಹಿಡಿಯುವುದು. ಶ್ರಾವ್ಯಾ ಅರ್ಧದಲ್ಲೇ ಬಿಡುತ್ತಿದ್ದಳು. ಸುಜಿತ್ ಮೂಗು ಒತ್ತಿಕೊಂಡೇ ಬಾತುಕೋಳಿ ಧ್ವನಿಯಲ್ಲಿ ತುಳುವಿನಲ್ಲಿ ಗದರುತ್ತಿದ್ದ: “ಸಂಕ ಮುಗಿದಿಜಿ!” ಸಂಕ ಇನ್ನೂ ಮುಗಿಯಲಿಲ್ಲ ಎಂದು.

“ಮಾತಾಡಿದ್ರೆ ಉಸಿರು ಹೋಗುದಿಲ್ವಾ ಕಳ್ಳ?” ಎಂದು ಅವಳು ಜಗಳಕ್ಕೆ ನಿಲ್ಲುತ್ತಿದ್ದಳು.

ಡಾಕ್ಟರು ಸುಜಿತ್‌ಗೆ ಹೃದಯದ ಎಂಆರ್‌ಐ ಮಾಡಿಸಲು ಹೇಳಿದಾಗ ಅಕ್ಕ ನನ್ನನ್ನೇ ಕೇಳಿದಳು. “ಸಂಕ ಪೂರ್ತಿ ಉಸಿರು ಹಿಡಿತಾನೆ, ಅವನ ಹೃದಯಕ್ಕೆ ಎಂತ ಆಗ್ತದೆ? ಮುಂದಿನ ಸಲ ನೋಡುವ” ಎಂದೆ. ಆ ಮುಂದಿನ ಸಲ ಬರಲಿಲ್ಲ. ಅವನ ಹೃದಯ ನಿಂತಾಗ ಅವನಿಗೆ ಹತ್ತೊಂಬತ್ತು.

ಮರುವರ್ಷ ಶ್ರಾವ್ಯಾಳಿಗೆ ಅದೇ ಸ್ಕ್ಯಾನ್. ಹೆದರಿದ್ದಳು. ಮೈಮೇಲಿನ ಲೋಹವನ್ನೆಲ್ಲ ತೆಗೆಸಿ, ಕಿವಿಗೆ ಪ್ಲಗ್ ಕೊಟ್ಟು ನನ್ನನ್ನೂ ಒಳಗೆ ಬಿಟ್ಟರು. ಅವಳ ಪಾದ ಹಿಡಿದು ನಿಂತೆ. ಸ್ಪೀಕರಿನಲ್ಲಿ ಹೇಳಿದಾಗಲೆಲ್ಲ ಚಿತ್ರ ತೆಗೆಯುವವರೆಗೆ ಅವಳು ಉಸಿರು ಹಿಡಿಯಬೇಕು. ಮೊದಲೆರಡು ಸಲ ಬೇಗ ಉಸಿರಾಡಿಬಿಟ್ಟಳು, ಚಿತ್ರ ಕೆಟ್ಟಿತು. ಮೂರನೆಯ ಸಲ ಯಂತ್ರದ ಬಡಿತದ ನಡುವೆ, ಪ್ಲಗ್ ಹಾಕಿದ ನನ್ನ ಕಿವಿಯ ಪಕ್ಕದಲ್ಲೇ ಅದೇ ಬಾತುಕೋಳಿ ಧ್ವನಿ. “ಸಂಕ ಮುಗಿದಿಜಿ!”

ಅವಳ ಪಾದ ಕೈಯಲ್ಲಿತ್ತು, ಅಲುಗಲಿಲ್ಲ; ಈ ಸಲ ಉಸಿರು ಹಿಡಿದೇ ಇದ್ದಳು. ಭ್ರಮೆ ಎಂದುಕೊಂಡೆ.

ಹೊರಬಂದವಳೇ ಕೇಳಿದಳು, “ಮಾಮಾ, ಸಂಕ ಅಂತ ಹೇಳಿದ್ದು ನೀವಾ?”

ನಾನಲ್ಲ. ಸ್ಪೀಕರಿನಲ್ಲಿ ಮಾತಾಡುತ್ತಿದ್ದ ಟೆಕ್ನೀಶಿಯನ್ ಹುಬ್ಬಳ್ಳಿ ಕಡೆಯವನು. ಕೇಳಿದರೆ, “ಸಂಕ ಅಂದ್ರ ಏನ್ರೀ ಸರ್?” ಎಂದ.

ಚಿತ್ರ ಸ್ಪಷ್ಟವಾಗಿ ಬಂದಿತ್ತು. ಅವಳ ಹೃದಯದಲ್ಲಿ ಕಬ್ಬಿಣ ಕೂತಿತ್ತು. ರಕ್ತದ ರಿಪೋರ್ಟು, ಎಕೋ ಎರಡರಲ್ಲೂ ಅದರ ಸುಳಿವಿರಲಿಲ್ಲ. ಡಾಕ್ಟರು ಔಷಧ ಬದಲಿಸಿದರು. ಇಳಿಯುತ್ತದಾ ಎಂದರೆ, “ನೋಡುವ” ಎಂದರು. ನಾನು ಅಕ್ಕನಿಗೆ ಹೇಳಿದ್ದ ಅದೇ ಮಾತು.

ವಾಪಸು ಬರುವಾಗ ಸಂಕ ಬಂತು. ಶ್ರಾವ್ಯಾ ಉಸಿರು ಹಿಡಿದಳು. ಸಂಕ ದಾಟಿದರೂ ಬಿಡದೆ, ಯಾರೋ ಹೇಳಲಿ ಎಂಬಂತೆ ಕಾಯುತ್ತಿದ್ದಳು. ಕಾರಿನಲ್ಲಿ ಯಾವ ಧ್ವನಿಯೂ ಬರಲಿಲ್ಲ.

“ಮುಗಿಯಿತು ಮಗಾ, ಬಿಡು” ಎಂದು ಕೊನೆಗೆ ನಾನೇ ಹೇಳಿದೆ.

ಈಗಲೂ ಅವಳಿಗೆ ಔಷಧ ನಡೆಯುತ್ತಿದೆ. ಅಂದು ಕೇಳಿಸಿದ್ದು ಏನೆಂದು ನನಗೆ ಈಗಲೂ ಗೊತ್ತಿಲ್ಲ. ನಿಮಗೂ ಹೀಗೆ ಆಗಿದ್ದರೆ ಕೆಳಗೆ ಬರೆಯಿರಿ. ಕಿವಿ ತೋರಿಸಿ ಎಂದು ನಾನಂತೂ ಹೇಳುವುದಿಲ್ಲ.