ಏಲಕ್ಕಿ ಹಾರ ಕಟ್ಟಿದ ವರ್ಷ

ಏಲಕ್ಕಿಯನ್ನು ಹಾರವಾಗಿ ಪೋಣಿಸಬೇಕಾದರೆ ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಸೂಜಿ ತಾಗುತ್ತಲೇ ಸಿಪ್ಪೆ ಸೀಳಿಹೋಗುತ್ತದೆ. ಲವಂಗವನ್ನೂ ನೀರಲ್ಲಿ ನೆನೆಹಾಕಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ಹಿಡಿ ಏಲಕ್ಕಿ ಹಾಳು ಮಾಡಿ, ಅಮ್ಮನಿಂದ ಬೈಸಿಕೊಂಡು ಕಲಿತೆ.

ತೊಂಬತ್ತರ ದಶಕದ ಮಾತು. ನಾವು ಪಾಂಡವಪುರದಲ್ಲಿದ್ದೆವು, ನಾನು ಒಂಬತ್ತನೇ ಕ್ಲಾಸು. ಗಣೇಶನ ಹಬ್ಬಕ್ಕೆ ಎಲ್ಲರೂ ಹೂವಿನ ಹಾರ ಹಾಕಿದರೆ ನಾನು ಏಲಕ್ಕಿ ಲವಂಗದ ಹಾರ ಹಾಕುತ್ತೇನೆಂದು ಕ್ಲಾಸಿನಲ್ಲೆಲ್ಲ ಡಂಗುರ ಸಾರಿದ್ದೆ. ಮಂಟಪದ ಮೇಲೆ ಕಟ್ಟಲು ಸೀಬೆ, ಮೋಸಂಬಿಗಳ ತೋರಣ ಬೇರೆ. ಒಂದೊಂದು ಮೋಸಂಬಿಗೂ ಲವಂಗವನ್ನು ಸಾಲಾಗಿ ಚುಚ್ಚಿ ಚುಚ್ಚಿ ಹೆಬ್ಬೆರಳು ಊದಿಕೊಂಡಿತ್ತು. ಮನೆಯೊಳಗೆ ಕಾಲಿಟ್ಟರೆ ಘಮ್ಮನ್ನುತ್ತಿತ್ತು.

ಹಬ್ಬದ ಬೆಳಗ್ಗೆ ಒಂಬತ್ತಕ್ಕೆ ಗರಿಕೆ ಕೀಳಲು ಹಿಟ್ಟಿನ ಗಿರಣಿಯವರ ಹಿತ್ತಲಿಗೆ ಹೋದೆ. ನಮ್ಮ ಬೀದಿಗೆ ಫೋನಿದ್ದದ್ದು ಅವರೊಬ್ಬರ ಮನೆಯಲ್ಲೇ. ಗಿರಣಿಯಮ್ಮ ಬಾಗಿಲಿಗೆ ಬಂದು ಕೂಗಿದರು.

"ಮಗಾ, ನಾಗಮಂಗ್ಲದಿಂದ ಪೋನ್ ಬಂದಿತ್ತು ಕಣವ್ವ. ನಿಮ್ ದೊಡ್ಡಪ್ಪ ತೀರ್ಕಬುಟ್ರಂತೆ. ಮೂರ್ ಗಂಟ್ಗೆಲ್ಲ ಮಣ್ಣು ಮಾಡ್ತಾರಂತೆ. ಬಿರ್ರನೆ ಓಗಿ ನಿಮ್ಮಪ್ಪಂಗೆ ತಿಳ್ಸು. ಅಬ್ಬದ್ ದಿನ ನಾನು ಸೂತ್ಕದ್ ಮನೆಗೆ ಬರಂಗಿಲ್ಲ."

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ತಾತ ಬೇಗ ಹೋಗಿಬಿಟ್ಟಿದ್ದರಿಂದ ಅಪ್ಪನನ್ನು ಹೆಗಲ ಮೇಲೆ ಹೊತ್ತು ಸಾಕಿದವರು, ತಾವು ಓದು ಬಿಟ್ಟು ಅಪ್ಪನನ್ನು ಓದಿಸಿದವರು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮನೆಗೆ ಬಂದಾಗ ಕಣ್ಣಿಗೆ ಬಿದ್ದದ್ದು ಅಪ್ಪ ಸ್ಟೂಲು ಹತ್ತಿ ಕಟ್ಟುತ್ತಿದ್ದ ನನ್ನ ತೋರಣ. ಬಾಯಿ ಬಿಟ್ಟರೆ ಸೂತಕ. ಹಬ್ಬವಿಲ್ಲ, ಹಾರವಿಲ್ಲ, ನೋಡಲು ಬರುವ ಗೆಳತಿಯರಿಲ್ಲ.

ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ, ಅಲ್ಲಿಯವರೆಗೆ ಇಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ತಲೆ ಆಗಲೇ ವಕೀಲರ ತಲೆ. ಕೇಳಿಸಿಕೊಂಡವಳು ನಾನೊಬ್ಬಳೇ, ಹಾಗಾಗಿ ಸೂತಕವೂ ನನಗೊಬ್ಬಳಿಗೇ ಎಂದು ತೀರ್ಪು ಕೊಟ್ಟುಕೊಂಡೆ. ಗರಿಕೆಯನ್ನು ಹೊಸ್ತಿಲಾಚೆ ಇಟ್ಟು ದೂರ ನಿಂತೆ.

"ಯಾಕ್ಲೇ, ಹೊರಗಾದ್ಯಾ?" ಅಂದಳು ಅಮ್ಮ. ಹೂಂ ಎಂದು ತಲೆಯಾಡಿಸಿದೆ. "ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದು ಗೊಣಗಿಕೊಂಡು, ಬೇರೆ ಗರಿಕೆ ತಂದು, ನಾನು ಕಟ್ಟಿದ್ದ ಹಾರವನ್ನು ತಾನೇ ಗಣೇಶನಿಗೆ ಹಾಕಿದಳು.

ಪೂಜೆ ಮುಗಿದಾಗ ಹನ್ನೆರಡು. ನಾನು ನಡುಮನೆಯ ಮೂಲೆಯಿಂದ ನೋಡಿದೆ. ಹಾರ ಚೆನ್ನಾಗಿಯೇ ಕಾಣುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಮಂಗಳಾರತಿ ತಟ್ಟೆ ಕೆಳಗಿಟ್ಟ ಮೇಲೆ ಗಿರಣಿಯವರ ಮನೆಯತನಕ ಹೋಗಿಬಂದು ದೊಡ್ಡಪ್ಪನ ಸುದ್ದಿ ಹೇಳಿದೆ. ಫೋನು ಈಗ ತಾನೇ ಬಂತು ಎಂದೂ ಸೇರಿಸಿದೆ.

ಅಪ್ಪ ಅಲ್ಲೇ ಕುಸಿದು ಕೂತರು. ಆಮೇಲೆ ಗುಂಡಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಶರ್ಟು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು, ನಾವು ಅವರ ಹಿಂದೆ. ಹಬ್ಬದ ದಿನ ಬಸ್ಸುಗಳೇ ಕಮ್ಮಿ. ನಾಗಮಂಗಲದಲ್ಲಿ ಇಳಿದು ದೊಡ್ಡಪ್ಪನ ಊರು ಸೇರುವಾಗ ನಾಲ್ಕು ದಾಟಿತ್ತು. ಹೊಲದಲ್ಲಿ ಗುಂಡಿ ಮುಚ್ಚಿ, ಹಸಿ ಮಣ್ಣಿನ ಮೇಲೆ ನೀರು ಚಿಮುಕಿಸಿದ್ದರು. ಅಪ್ಪ ಆ ಮಣ್ಣನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂಗಿದರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಹೊಲದಿಂದ ದೊಡ್ಡಪ್ಪನ ಮನೆಗೆ ಬಂದ ಮೇಲೆ ದೊಡ್ಡಮ್ಮ ಕೇಳಿದರು. "ಒಂಬತ್ ಗಂಟೆಗೇ ಪೋನ್ ಮಾಡ್ಸಿದ್ನಲ್ಲಪ್ಪ. ನೀ ಬತ್ತೀಯ ಅಂತ ಮೂರ್ ಗಂಟೆಗಂಟ ಕಾದೋ. ಎಲ್ಲೋಗಿದ್ದೆ?"

ಅಪ್ಪ ತಿರುಗಿ ನನ್ನನ್ನು ನೋಡಿದರು. ಒಂದೇ ಗಳಿಗೆ. ಅವರಿಗೆ ಎಲ್ಲ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಅಷ್ಟು ಜನರ ಮುಂದೆ ಈಗ ನನ್ನ ಕೆನ್ನೆಗೆ ಬೀಳುತ್ತದೆ ಎಂದು ಕಾದೆ.

"ಪೂಜೆ ಮುಗಿಸ್ಕಂಡು ಬಂದೆ ಅತ್ಗೆ" ಅಂದರು ಅಪ್ಪ. "ತಪ್ಪು ನಂದೇ."

"ಒಡುಟ್ಟಿದ ಅಣ್ಣನ ಮುಕಕ್ಕಿಂತ ಅಬ್ಬ ಎಚ್ಚಾಯ್ತಾ ನಿಂಗೆ?"

ಅಪ್ಪ ತಲೆ ತಗ್ಗಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ದೊಡ್ಡಮ್ಮ ತಾವು ಸಾಯುವ ತನಕ ಅಪ್ಪನ ಜೊತೆ ಮಾತಾಡಲಿಲ್ಲ, ಅಪ್ಪ ನನ್ನನ್ನು ಏನೂ ಕೇಳಲಿಲ್ಲ.