ಬಲಗಣ್ಣಿನ ಬೂಷ್ಟು

ಹಲಗೆಯ ಸಂದಿಯಿಂದ ಹಳೆಯ ಹತ್ತಿ ಕೀಳುತ್ತಿದ್ದೆ. ಕೊಕ್ಕೆ ಜಾರಿತು. ಬಲಗಣ್ಣಿಗೆ ಏನೋ ಬಿತ್ತು.

ಇಷ್ಟೇ ನಡೆದದ್ದು. ಇದನ್ನು ಆಸ್ಪತ್ರೆಯಲ್ಲಿ ಹತ್ತು ಜನರಿಗೆ ಹೇಳಿದ್ದೇನೆ. ಪ್ರತಿಯೊಬ್ಬರೂ ಇನ್ನೂ ಏನೋ ಇದೆ ಎಂಬಂತೆ ಪೆನ್ನು ಹಿಡಿದು ಕಾಯುತ್ತಿದ್ದರು.

ನಾನು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರಿ. ಈಗ ಫೈಬರ್ ದೋಣಿಗಳೇ ಹೆಚ್ಚು, ಮರದ್ದು ಬರುವುದು ರಿಪೇರಿಗೆ ಮಾತ್ರ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ದೋಣಿಯನ್ನು ದಡಕ್ಕೆಳೆದು, ಹಲಗೆ ಸಂದಿಗಳ ಕೊಳೆತ ಹತ್ತಿಯನ್ನು ಕಿತ್ತು ಹೊಸದು ತುಂಬಬೇಕು. ಕಿತ್ತ ಹತ್ತಿಯಲ್ಲಿ ಬೂಷ್ಟು ಇದ್ದೇ ಇರುತ್ತದೆ. ಮೂವತ್ತು ವರ್ಷ ಅದನ್ನು ಬರಿಗೈಯಲ್ಲಿ ಬಾಚಿ ಎಸೆದಿದ್ದೇನೆ. ಧೂಳು ತಡೆಯಲು ಕನ್ನಡಕ ಹಾಕಿದವನಲ್ಲ. ಕನ್ನಡಕ ಹಾಕಿದರೆ ಗೆರೆ ಸರಿಯಾಗಿ ಕಾಣುವುದಿಲ್ಲ ಎಂಬುದು ನನ್ನ ಜಂಬ.

ಗೆರೆ ನೋಡುವುದೇ ನನ್ನ ಹೆಚ್ಚುಗಾರಿಕೆಯಾಗಿತ್ತು. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಹಲಗೆಯ ಅಂಚಿಗೆ ತಂದರೆ, ಆ ತುದಿಯಲ್ಲಿ ಒಂದು ನೂಲು ಬಾಗಿದ್ದರೂ ಹೇಳುತ್ತಿದ್ದೆ. ನೂಲೆಂದರೆ ನಮ್ಮ ಅಳತೆಯಲ್ಲಿ ಇಂಚಿನ ಎಂಟನೇ ಒಂದು ಭಾಗ. ದಾರ ಹಿಡಿದು ನೋಡುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಜತೆಗೆ ಕೆಲಸ ಮಾಡುವ ಭಾಸ್ಕರ ಓಡಿ ಬಂದ. ಇಪ್ಪತ್ತು ವರ್ಷದ ಜೊತೆಗಾರ.

"ಹ್ವಾಯ್ ಆಚಾರ್ರೆ, ಉಜ್ಬೇಡಿ, ಉಜ್ಬೇಡಿ. ಕಾಣ್ತೆ ನಾನ್."

ರೆಪ್ಪೆ ಮಗುಚಿ, ಹೆಗಲ ಮೇಲಿನ ಬೈರಾಸು ಬಟ್ಟೆಯ ಮೂಲೆಯಿಂದ ಒರೆಸಿದ. ಕಣ್ಣಿಗೆ ಕಸ ಬಿದ್ದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಬೆಳಗಿನಿಂದ ಆ ಬೈರಾಸಿನ ಮೇಲೂ ಅದೇ ಹತ್ತಿಯ ಧೂಳು ಕೂತಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಎರಡು ದಿನಕ್ಕೆ ಕಣ್ಣು ಕೆಂಡವಾಯಿತು. ಹೆಂಡತಿ ಗಿರಿಜಾ ಫ್ರಿಜ್ಜಿನಿಂದ ಒಂದು ಡ್ರಾಪ್ಸ್ ತೆಗೆದಳು. ಅವಳ ಅಮ್ಮನ ಕ್ಯಾಟರಾಕ್ಟ್ ಆಪರೇಶನ್ ಆದಾಗ ಕೊಟ್ಟದ್ದು, ಅರ್ಧ ಉಳಿದಿತ್ತು.

"ಇದ್ ಹಾಕ್ರೆ ಕೆಂಪ್ ಹೋತ್ತ್. ಅಮ್ಮಂಗೆ ಎರ್ಡೇ ದಿನದಲ್ಲ್ ಹೋಯ್ತ್."

ನಿಜ. ಹೋಯಿತು. ನೋವೂ ತಗ್ಗಿತು. ಐದು ದಿನ ಹಾಕಿಕೊಂಡು ಕೆಲಸಕ್ಕೆ ಹೋದೆ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಅದು ಕೆಂಪನ್ನು ಅಡಗಿಸಿ ಒಳಗಿನ ಬೂಷ್ಟಿಗೆ ಬಾಗಿಲು ತೆರೆದು ಕೊಟ್ಟಿತ್ತು. ಹುಳುಕು ಹಲಗೆಗೆ ಬಣ್ಣ ಹೊಡೆದು ತರುವ ದೋಣಿ ಮಾಲೀಕರನ್ನು ಬಾಯಿಗೆ ಬಂದಂತೆ ಬೈದವನು ನಾನು. ನನ್ನ ಕಣ್ಣಿಗೆ ನಾನೇ ಅದನ್ನು ಮಾಡಿಕೊಂಡೆ.

ಆರನೆಯ ದಿನ ಕನ್ನಡಿಯಲ್ಲಿ ಕಪ್ಪುಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಬ್ಲೇಡಿನಿಂದ ಆ ಚುಕ್ಕೆಯನ್ನು ಕೆರೆದು ಸ್ಲೈಡಿನ ಮೇಲಿಟ್ಟರು. ಗಂಟೆಯೊಳಗೆ ಲ್ಯಾಬಿನಿಂದ ಫೋನು ಬಂತು.

"ಫಂಗಸ್. ಬಹುಶಃ ಆಸ್ಪರ್ಜಿಲಸ್" ಎಂದರು. "ಅದರಲ್ಲಿ ಯಾವುದು ಅಂತ ಈಗಲೇ ಹೇಳಲಿಕ್ಕೆ ಆಗುವುದಿಲ್ಲ. ಕಲ್ಚರ್ ಬೆಳೆಯಬೇಕು."

ಅಡ್ಮಿಟ್ ಆದೆ. ಗಂಟೆಗೊಂದು ಹನಿ, ಹಗಲೂ ರಾತ್ರಿಯೂ. ಮೊದಲು ಒಂದು ಔಷಧ, ಚುಕ್ಕೆ ಹಿಗ್ಗಿದಾಗ ಆಂಫೋಟೆರಿಸಿನ್ ಎಂಬ ಇನ್ನೊಂದು. ಹನಿ ಬಿದ್ದರೆ ಮೆಣಸಿನ ನೀರು ಬಿದ್ದಂತೆ ಉರಿ. ಗಿರಿಜಾ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಹಾಕುತ್ತಿದ್ದಳು. ನಾನು ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮಾತಾಡುತ್ತಿರಲಿಲ್ಲ. ಅವಳು ಹನಿಯ ಬಾಟಲಿ ಎತ್ತಿದಾಗಲೆಲ್ಲ ನನಗೆ ಫ್ರಿಜ್ಜಿನ ಆ ಬಾಟಲಿಯೇ ಕಾಣುತ್ತಿತ್ತು.

ಚುಕ್ಕೆ ಬಟಾಣಿಯಷ್ಟಾಯಿತು.

ಲ್ಯಾಬಿನ ಡಾಕ್ಟರಮ್ಮ ವಾರ್ಡಿಗೇ ಬಂದು ಕೆಲಸದ ವಿವರ ಕೇಳಿದರು. ನನ್ನ ಮಾತು ಕೇಳಿದ ಕೂಡಲೇ ಅವರ ಮಾತೂ ಬದಲಾಯಿತು. ಊರು ನಮ್ಮ ಕಡೆಯದೇ, ಕೊಕ್ಕರ್ಣೆಯಂತೆ.

"ಆ ಹತ್ತಿ ಎಷ್ಟ್ ಹಳೇದ್?"

"ಆರೇಳ್ ವರ್ಷದ್ದ್ ಇಪ್ಪುದ್. ಬೂಷ್ಟ್ ಯಾವ್ದ್ ಅಂದೇಳಿ ಗೊತ್ತಾತಿಲ್ಯಾ ನಿಮ್ಗೆ?"

"ಕಣ್ಣಿಂದ ಕೆರ್ದದ್ರಲ್ಲಿ ಬರೀ ನೂಲ್ ನೂಲ್ ಕಾಂತ್ತ್. ಎಲ್ಲಾ ಜಾತಿದೂ ಒಂದೇ ನಮೂನಿ. ಅದ್ ತಲೆ ಬಿಟ್ರೆ ಮಾತ್ರ ಗೊತ್ತಾಪ್ದ್."

ಬೂಷ್ಟಿಗೆ ತಲೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ನನ್ನ ಕಣ್ಣಿನ ಚೂರನ್ನು ಪ್ಲೇಟಿನಲ್ಲಿಟ್ಟು ಅದು ತಲೆ ಬಿಡುವುದನ್ನು ಅವರು ಕಾಯುತ್ತಿದ್ದರು. ಗಿರಿಜಾ ಕೈ ಮುಗಿದದ್ದು ಕಂಡೆ. ಏನೆಂದು ಬೇಡಿಕೊಳ್ಳುತ್ತಿದ್ದಳೋ. ಪ್ಲೇಟಿನಲ್ಲಿ ಬೇಗ ಬೆಳೆಯಲಿ, ಕಣ್ಣಿನಲ್ಲಿ ಬೆಳೆಯದಿರಲಿ ಎಂದು ಒಂದೇ ಉಸಿರಿನಲ್ಲಿ ದೇವರಿಗೆ ಹೇಳುವುದು ಹೇಗೆ?

ಅಡ್ಮಿಟ್ ಆದ ಏಳನೆಯ ದಿನ ನನ್ನನ್ನು ಲ್ಯಾಬಿಗೆ ಕರೆದರು. ಪ್ಲೇಟಿನಲ್ಲಿ ಬೆಳೆದದ್ದು ದಾಲ್ಚಿನ್ನಿಯ ಬಣ್ಣ. ಸುತ್ತ ಮಖಮಲ್ಲಿನಂತೆ ನಯ. ಚೆಂದವೇ ಇತ್ತು.

"ಬಣ್ಣ ಒಂದನ್ನೇ ನಂಬೂಕಾಗ. ಬನಿ, ನೀವೇ ಕಾಣಿ" ಎಂದರು ಡಾಕ್ಟರಮ್ಮ.

ಮೈಕ್ರೋಸ್ಕೋಪಿಗೆ ಬಗ್ಗಿದೆ. ಅಭ್ಯಾಸಬಲದಿಂದ ಬಲಗಣ್ಣನ್ನೇ ಒಯ್ದೆ. ಕಣ್ಣಿಗೆ ಕಟ್ಟಿದ್ದ ಪ್ಲಾಸ್ಟಿಕ್ ಶೀಲ್ಡು ಗಾಜಿಗೆ ತಾಗಿ ಟಕ್ ಎಂದಿತು. ಎಡಗಣ್ಣು ಇಟ್ಟೆ.

ಅವರು ಎರಡು ಸ್ಲೈಡು ತೋರಿಸಿದರು. ಒಂದು ಲ್ಯಾಬಿನಲ್ಲಿ ಮೊದಲೇ ಇದ್ದದ್ದು, ಫ್ಲೇವಸ್ ಎಂಬ ಬೇರೆ ಜಾತಿ. ಕಂಬದಂಥ ದಂಟು ಒರಟು, ಉಪ್ಪುಕಾಗದ ತಿಕ್ಕದೆ ಬಿಟ್ಟ ಮರದ ಹಾಗೆ. ತಲೆಯ ಮೇಲಿನ ಬೀಜದ ಸರಗಳು ಎಲ್ಲ ದಿಕ್ಕಿಗೂ ಚೆದುರಿದ್ದವು. ಇನ್ನೊಂದು ನನ್ನದು. ದಂಟು ನುಣುಪು. ಗುಂಡು ತಲೆಯ ಮೇಲರ್ಧದಿಂದ ಮಾತ್ರ, ಒಂದರ ಮೇಲೊಂದು ಎರಡು ಸಾಲು ಗೂಟ. ಅಲ್ಲಿಂದ ಸರಗಳು ಒತ್ತೊತ್ತಾಗಿ ನೇರ ಮೇಲಕ್ಕೆ ಎದ್ದಿದ್ದವು. ಕೆಳಗೆ ನೂಲುಗಳ ಪಕ್ಕೆಗೆ ಅಲ್ಲೊಂದು ಇಲ್ಲೊಂದು ಸಣ್ಣ ಉಂಡೆ ಅಂಟಿಕೊಂಡಿತ್ತು.

"ಈ ಉಂಡೆ ಕಂಡ್ರಿಯಾ? ಇದೇ ಗುರ್ತ. ಇದ್ ಟೆರಿಯಸ್."

ಕೆಲಸ ಅಚ್ಚುಕಟ್ಟಾಗಿತ್ತು. ಯಾವ ಆಚಾರಿಯೂ ತೆಗಳಲಾರ. ಅದು ನನ್ನ ಕಣ್ಣು ತಿಂದು ಕಟ್ಟಿದ್ದು ಎಂದು ನೆನಪಾದಾಗ ಗಾಜಿನಿಂದ ಮುಖ ತೆಗೆದೆ.

"ಟೆರಿಯಸ್ ಆರೆ ಎಂತ?" ಎಂದೆ.

ಡಾಕ್ಟರಮ್ಮ ಸ್ಲೈಡು ತೆಗೆದಿಟ್ಟರು. "ಆಂಫೋಟೆರಿಸಿನ್ ಇದಕ್ಕೆ ನಾಟೂದಿಲ್ಲೆ."

ಅಂದರೆ ಅಷ್ಟು ದಿನ, ಗಂಟೆಗೊಂದರಂತೆ, ಆ ಉರಿಯನ್ನು ನಾನು ಸುಮ್ಮನೆ ಉಂಡಿದ್ದೆ. ಯಾರ ತಪ್ಪೂ ಅಲ್ಲ. ತಲೆ ಬಿಡುವವರೆಗೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಯಾರನ್ನಾದರೂ ಬೈಯಬಹುದಿದ್ದರೆ ಅಂದು ಹಗುರಾಗುತ್ತಿದ್ದೆ.

ಅದೇ ಸಂಜೆ ಔಷಧ ಬದಲಾಯಿತು. ವೊರಿಕೊನಜೋಲ್, ಹನಿಯೂ ಮಾತ್ರೆಯೂ. ಎರಡು ದಿನ ಚುಕ್ಕೆ ಹಿಗ್ಗಲಿಲ್ಲ. ಗಿರಿಜಾ ಊರಿಗೆಲ್ಲ ಫೋನು ಮಾಡಿ ಹೇಳಿದಳು. ನಾನೂ ಅವಳಿಗೆ "ಊಟ ಆಯ್ತಾ" ಎಂದು ಕೇಳಿದೆ.

ಮೂರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಕೆನ್ನೆಯ ಮೇಲೆ ಬಿಸಿ ನೀರು ಇಳಿಯಿತು.

ಅತ್ತದ್ದಲ್ಲ. ಕಣ್ಣು ತೂತು ಬಿದ್ದಿತ್ತು.

ಮಧ್ಯಾಹ್ನವೇ ಆಪರೇಶನ್. ಸತ್ತವರೊಬ್ಬರು ದಾನ ಕೊಟ್ಟ ಕಣ್ಣಿನ ಕಾರ್ನಿಯಾ ತಂದು ತೇಪೆ ಹಾಕಿದರು. ಯಾರದೆಂದು ಹೇಳುವ ಕ್ರಮವಿಲ್ಲ. ಗುಡ್ಡೆ ಉಳಿಯಿತು, ಬೂಷ್ಟು ಹೋಯಿತು. ತೇಪೆ ಮಾತ್ರ ದಿನೇ ದಿನೇ ಮಂಜಾಗಿ ಕೊನೆಗೆ ಬೆಳ್ಳಗಾಯಿತು. ಟಾರ್ಚು ಬಿಟ್ಟರೆ ಬೆಳಕಿದೆ ಎಂದು ಗೊತ್ತಾಗುತ್ತದೆ. ಅಷ್ಟೇ. ಮುಂದೆ ಇನ್ನೊಂದು ತೇಪೆ ಹಾಕಿ ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಇಟ್ಟುಕೊಂಡಿಲ್ಲ.

ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದೆ. ಒಂದೇ ಕಣ್ಣಿಗೆ ಅಂತರ ತಿಳಿಯದೆ, ಚಹಾ ಸುರಿದರೆ ಲೋಟದ ಹೊರಗೆ ಬೀಳುತ್ತಿತ್ತು. ಹೊಳೆಯ ಕಡೆಯಿಂದ ಸುತ್ತಿಗೆಯ ಸದ್ದು ಬಂದರೆ ಕಿಟಕಿ ಮುಚ್ಚಿಸುತ್ತಿದ್ದೆ. ಒಂದು ದಿನ ಗಿರಿಜಾ ಹನಿ ಹಾಕುತ್ತ ತಡೆಯಲಾರದೆ ಅತ್ತಳು.

"ನಾನೇ ಹಾಳ್ ಮಾಡ್ದೆ ಅಲ್ದಾ?"

"ಬಾಟ್ಲಿ ಕೊಟ್ಟದ್ದ್ ನೀನ್, ಹಾಕ್ಕಂಡದ್ದ್ ನಾನ್" ಎಂದೆ. ಇದಕ್ಕಿಂತ ಒಳ್ಳೆಯ ಮಾತು ಬಾಯಿಗೆ ಬರಲಿಲ್ಲ. ಅವಳು ರೆಪ್ಪೆ ಹಿಡಿದು, ಬಿಟ್ಟುಹೋದ ಹನಿಯನ್ನು ಮತ್ತೆ ಹಾಕಿದಳು.

ಹೋದ ವಾರ ಭಾಸ್ಕರ ಬಂದ. ಹೊಸ ಹಲಗೆ ಕೂರಿಸಿದ್ದಾನಂತೆ. "ಒಂದ್ ಸಲ ಕಣ್ಣ್ ಇಟ್ಟ್ ಹೇಳಿ ಆಚಾರ್ರೆ, ಸಾಕ್. ಮತ್ತ್ ಎಂತ ಬ್ಯಾಡ."

ಹೋದೆ. ಮೊಣಕಾಲೂರಿ ಅಂಚಿಗೆ ಮುಖ ತಂದು ಎಡಗಣ್ಣು ಮುಚ್ಚಿದೆ.

ದೋಣಿಯೇ ಇಲ್ಲ.

ಬಿಳಿ ಮಂಜು, ಅಷ್ಟೇ. ಹಲಗೆ, ಹೊಳೆ, ಭಾಸ್ಕರ, ಯಾವುದೂ ಇಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ. ಭಾಸ್ಕರ ಹಿಂದೆ ನಿಂತು ಉತ್ತರಕ್ಕೆ ಕಾಯುತ್ತಿದ್ದ. "ಸರಿ ಇತ್ತ್" ಎಂದು ಸುಳ್ಳು ಹೇಳಬಹುದಿತ್ತು. ನಾನು ಹೇಳಿದರೆ ಅವನು ಮೊಳೆ ಹೊಡೆಯುತ್ತಿದ್ದ, ಇಪ್ಪತ್ತು ವರ್ಷದಿಂದ ಹಾಗೇ ಹೊಡೆದಿದ್ದಾನೆ. ಆ ದೋಣಿಯಲ್ಲಿ ಜನ ಸಮುದ್ರಕ್ಕೆ ಹೋಗುತ್ತಾರೆ.

"ನಂಗೆ ಕಾಂತಿಲ್ಲೆ" ಎಂದೆ. "ನೀನೇ ಕಾಣ್. ಕನ್ನಡಕ ಹಾಕ್ಕಂಡ್ ಕಾಣ್."

ಅವನು ಬಗ್ಗಿದ. ಬಹಳ ಹೊತ್ತು ನೋಡಿದ. ನನ್ನಷ್ಟು ಬೇಗ ಆಗುವುದಿಲ್ಲ ಅವನಿಗೆ.

"ಆ ತುದಿಯಲ್ಲ್ ಒಂದ್ ನೂಲ್ ಹೊರ್ಗ್ ಇತ್ತ್, ಆಚಾರ್ರೆ."

ಇತ್ತೋ ಇಲ್ಲವೋ ನನಗೆ ಗೊತ್ತಾಗುವಂತಿರಲಿಲ್ಲ. ಡಾಕ್ಟರಮ್ಮ ಟೆರಿಯಸ್ ಎಂದಾಗ ನಂಬಿದಂತೆ ಇದನ್ನೂ ನಂಬಬೇಕಿತ್ತು. ಅಂಚಿನ ಮೇಲೆ ಒಮ್ಮೆ ಕೈಯಾಡಿಸಿ ಎದ್ದು ನಿಂತೆ.

"ಹಾಂಗಾರೆ ಕೆತ್ತ್" ಎಂದೆ.