ಬಿಳಿತಲೆಯ ಹದ್ದನ್ನು ಹಿಡಿದವರು

ನೆದರ್ಲೆಂಡ್ಸ್‌ನ ಬೆಸ್ಟ್ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಹೆಂಗಸು ಊರಲ್ಲಿ ಪಶುವೈದ್ಯೆಯಾಗಿದ್ದವರು. ಇಲ್ಲಿ ಆ ಪದವಿ ನಡೆಯದೆ, ಪಕ್ಷಿಧಾಮವೊಂದರಲ್ಲಿ ಹದ್ದುಗಳನ್ನು ನೋಡಿಕೊಳ್ಳುತ್ತಿದ್ದರು. ಅಮೆರಿಕದ ಲಾಂಛನವಾದ ಬಿಳಿತಲೆಯ ಹದ್ದು ಅವರ ತೋಳಿನ ಮೇಲೆ ಕೂತರೆ ಜನ ನಗುತ್ತಾ ಸೆಲ್ಯೂಟ್ ಹೊಡೆದು ಫೋಟೊ ತೆಗೆಯುತ್ತಿದ್ದರು. ನಮ್ಮವರು ಯಾರೇ ಹೋದರೂ ಅವರು ಅದರ ಎದೆ ಸವರುತ್ತಾ ಒಂದೇ ಮಾತು ಹೇಳುತ್ತಿದ್ದರು: "ಇದು ಅಮೆರಿಕಾ ಕಂಡೇ ಇಲ್ಲರೀ, ಇಲ್ಲೇ ಹುಟ್ಟೇತಿ."

ಕಳೆದ ಚಳಿಗಾಲದಲ್ಲಿ ಹಕ್ಕಿಜ್ವರ ಬಂತು. ಹದ್ದಿನ ಕತ್ತು ತಿರುಚಿಕೊಂಡಿತು. ನಿಲ್ಲಲಾಗದೆ ಮೂಲೆಯಲ್ಲಿ ಬಿದ್ದು ಒದ್ದಾಡಿತು. ಅದನ್ನು ಚುಚ್ಚುಮದ್ದು ಕೊಟ್ಟು ಸಾಯಿಸುವುದೆಂದು ತೀರ್ಮಾನವಾಯಿತು. ಇವರು ಹೊರಗಿರಲಿ ಎಂದು ಡಚ್ ವೈದ್ಯರು ಹೇಳಿದರೂ ಕೇಳದೆ, ಮಾಸ್ಕು ಗೌನು ತೊಟ್ಟು, ರೆಕ್ಕೆಗಳನ್ನು ಎದೆಗವುಚಿ ಹಿಡಿದರಂತೆ.

"ಬ್ಯಾರೆಯವರು ಹಿಡಿದಿದ್ರ ಅಂಜತಿತ್ತರೀ," ಎಂದರು, ನಾನು ಕಾರಿನಲ್ಲಿ ಮನೆಗೆ ಕರೆತರುವಾಗ.

ಬಾಗಿಲು ತೆರೆದ ಅವರ ಪುಟ್ಟ ಮಗಳು ತಬ್ಬಲು ಓಡಿಬಂದಳು. "ಬ್ಯಾಡವಾ, ದೂರ ನಿಲ್ಲು," ಎಂದು ಕೈ ಅಡ್ಡ ಹಿಡಿದರು.

"ಅಮ್ಮಾ, ಡಿಡ್ ಇಟ್ ಫ್ಲೈ ಅವೇ?"

ಹೌದೆನ್ನಲು ನಾನು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಇಲ್ಲವಾ. ನನ್ನ ತೋಳಾಗ ಸತ್ತು ಹೋತು," ಎಂದವರು ಹೊಸ್ತಿಲಾಚೆಯ ಚಳಿಯಲ್ಲೇ ಕುಸಿದು ಕೂತರು.